ಪೆನ್‌ಡ್ರೈವ್ ಹಾಕಿದರೂ ಕಂಪ್ಯೂಟರ್ ಸುಮ್ಮನಿದ್ದರೆ: ಲಿನಕ್ಸ್ ಕರ್ನಲ್ ಮತ್ತು ಯುಎಸ್‌ಬಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಸಾಕಷ್ಟು ಹೊಸದಿರಬೇಕು. ಚೆನ್ನಾಗಿ ಓಡುತ್ತಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬರುತ್ತದೆ? ಹಾಗಾಗಿ ಹುಬ್ಬಳ್ಳಿಯ ಅಂಗಡಿಗಳಲ್ಲಿ, ಧಾರವಾಡದ ಹಾಸ್ಟೆಲ್ ರೂಮುಗಳಲ್ಲಿ, ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಲಿನಕ್ಸ್ ಹಾಕುವ ಮಾತು ಬರುತ್ತಿದೆ. ಮಾತು ಬಂದ ಕೂಡಲೇ ಏಳುವ ಪ್ರಶ್ನೆಗಳೂ ಒಂದೇ ಥರ. ಪೆನ್‌ಡ್ರೈವ್ ಓದುತ್ತಾ? ಪ್ರಿಂಟರ್ ನಡೆಯುತ್ತಾ? ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್ ಹಿಡಿಯುತ್ತಾ?

ಈ ಮೂರೂ ಯುಎಸ್‌ಬಿ ಪೋರ್ಟಿಗೆ ಹಾಕುವ ಸಾಮಾನುಗಳು. ಇವು ನಡೆಯುತ್ತವೋ ಇಲ್ಲವೋ ಅನ್ನುವುದರಲ್ಲಿ ದೊಡ್ಡ ಪಾಲು ಕರ್ನಲ್‌ನದು. ಯಾವುದಾದರೂ ನಡೆಯದಿದ್ದರೆ ‘ಲಿನಕ್ಸೇ ಸರಿ ಇಲ್ಲ’ ಅಥವಾ ‘ಪೆನ್‌ಡ್ರೈವ್ ಹಾಳಾಗಿದೆ’ ಎಂದು ಕೈಬಿಡುವ ಮೊದಲು ಒಂದು ವಿಷಯ ಗೊತ್ತಿರಬೇಕು. ಪೋರ್ಟಿನಿಂದ ಹಿಡಿದು ಪರದೆಯ ಮೇಲೆ ಫೈಲ್ ಕಾಣುವ ತನಕ ನಾಲ್ಕೈದು ಕೊಂಡಿಗಳಿವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ಮಾತ್ರ ತಪ್ಪಿರುತ್ತದೆ. ಯಾವುದು ಅಂತ ಹುಡುಕುವುದು ಅಂಥ ಕಷ್ಟದ ಕೆಲಸವೇನಲ್ಲ.

## ಕರ್ನಲ್ ಅಂದರೆ ಏನು?

ನೀವು ಒಂದು ಪತ್ರ ಟೈಪ್ ಮಾಡಿ ಪೆನ್‌ಡ್ರೈವ್‌ಗೆ ಸೇವ್ ಮಾಡುತ್ತೀರಿ. ಟೈಪ್ ಮಾಡಿದ ಪ್ರೋಗ್ರಾಂ ನೇರವಾಗಿ ಪೆನ್‌ಡ್ರೈವ್ ಮುಟ್ಟುವುದಿಲ್ಲ. ‘ಇದನ್ನು ಬರೆದುಕೊಡು’ ಎಂದು ಕರ್ನಲ್‌ಗೆ ಹೇಳುತ್ತದೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಂನ ಒಳತಿರುಳು. ಮೆಮೊರಿ, ಡಿಸ್ಕ್, ಕೀಬೋರ್ಡ್, ನೆಟ್‌ವರ್ಕ್ ಎಲ್ಲದರ ಜೊತೆ ವ್ಯವಹರಿಸುವುದು ಅದೇ. ಒಂದೊಂದು ಬಗೆಯ ಸಾಧನದ ಜೊತೆ ಹೇಗೆ ಮಾತಾಡಬೇಕು ಎಂದು ಬರೆದಿರುವ ಅದರ ಭಾಗಕ್ಕೆ ಡ್ರೈವರ್ ಅನ್ನುತ್ತಾರೆ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಕರ್ನಲ್‌ನಲ್ಲಿ ಈಗ ಸಾವಿರಾರು ಡ್ರೈವರ್‌ಗಳಿವೆ. ಒಂದೇ ಕಂಪ್ಯೂಟರಿಗೆ ಅಷ್ಟೂ ಬೇಕಾಗುವುದಿಲ್ಲ. ಅದಕ್ಕೆ ಕರ್ನಲ್ ತಯಾರಿಸುವಾಗ ಪ್ರತಿ ಭಾಗದ ಬಗ್ಗೆಯೂ ‘ಇದು ಬೇಕಾ?’ ಎಂದು ಕೇಳಲಾಗುತ್ತದೆ. ಉತ್ತರಗಳೆಲ್ಲ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಕೂರುತ್ತವೆ. ಉಬುಂಟು, ಮಿಂಟ್, ಡೆಬಿಯನ್‌ನಂಥ ಡಿಸ್ಟ್ರೋಗಳನ್ನು, ಅಂದರೆ ಬಳಕೆಗೆ ಸಿದ್ಧಮಾಡಿದ ಲಿನಕ್ಸ್ ರೂಪಗಳನ್ನು ಬಳಸುವವರ ಪರವಾಗಿ ಅವುಗಳನ್ನು ತಯಾರಿಸುವವರೇ ಉತ್ತರ ಬರೆದಿಟ್ಟಿರುತ್ತಾರೆ. ಆ ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಬೂಟ್ ಎಂಬ ಫೋಲ್ಡರ್ ತೆರೆದರೆ ‘ಕಾನ್ಫಿಗ್’ ಎಂದು ಶುರುವಾಗಿ ಕರ್ನಲ್ ಆವೃತ್ತಿಯ ಸಂಖ್ಯೆಯಲ್ಲಿ ಮುಗಿಯುವ ಒಂದು ಫೈಲ್ ಸಿಗುತ್ತದೆ. ತೆರೆದು ಓದಿದರೆ ಏನೂ ಕೆಡುವುದಿಲ್ಲ.

## ಮೂರು ಉತ್ತರಗಳು: ವೈ, ಎಂ, ಎನ್

ಹೆಚ್ಚಿನ ಡ್ರೈವರ್‌ಗಳ ಪ್ರಶ್ನೆಗೆ ಮೂರು ಉತ್ತರ ಸಾಧ್ಯ. ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಕಿರಾಣಿ ಅಂಗಡಿ ನೆನಪಿಸಿಕೊಳ್ಳಿ. ಸಕ್ಕರೆ, ಚಹಾಪುಡಿ ಗಲ್ಲೆಯ ಪಕ್ಕದಲ್ಲೇ ಇರುತ್ತವೆ. ಯಾವಾಗಲೋ ಕೇಳುವ ಸಾಮಾನು ಹಿಂದಿನ ಗೋದಾಮಿನಲ್ಲಿ, ಗಿರಾಕಿ ಬಂದಾಗ ಹುಡುಗ ಹೋಗಿ ತರುತ್ತಾನೆ. ಕೆಲವು ಸಾಮಾನನ್ನು ಆ ಅಂಗಡಿಯವರು ತರಿಸುವುದೇ ಇಲ್ಲ.

‘ವೈ’ ಅಂದರೆ ಗಲ್ಲೆಯ ಪಕ್ಕದ ಸಾಮಾನು. ಡ್ರೈವರ್ ಕರ್ನಲ್‌ನ ಒಳಗೇ ಸೇರಿರುತ್ತದೆ, ಕಂಪ್ಯೂಟರ್ ಶುರುವಾದ ಕ್ಷಣದಿಂದ ಮೆಮೊರಿಯಲ್ಲಿ ಇರುತ್ತದೆ. ‘ಎಂ’ ಅಂದರೆ ಮಾಡ್ಯೂಲ್, ಗೋದಾಮಿನ ಸಾಮಾನು. ಡಿಸ್ಕಿನಲ್ಲಿ ಬೇರೆ ಫೈಲ್ ಆಗಿ ಕೂತಿರುತ್ತದೆ. ಸಾಧನ ಹಾಕಿದಾಗ ಕರ್ನಲ್ ಅದನ್ನು ತರಿಸಿಕೊಳ್ಳುತ್ತದೆ. ‘ಎನ್’ ಅಂದರೆ ಇಲ್ಲವೇ ಇಲ್ಲ. ಅಂಥ ಸಾಧನವನ್ನು ಎಷ್ಟು ಸಲ ತೆಗೆದು ಹಾಕಿದರೂ ಕೆಲಸ ಆಗುವುದಿಲ್ಲ.

‘ಎಲ್ಲದಕ್ಕೂ ಎಂ ಕೊಟ್ಟರಾಯಿತು, ಅಲ್ವಾ?’ ಅನ್ನಿಸಬಹುದು. ಬಹುಮಟ್ಟಿಗೆ ಅದು ಸರಿ. ದೊಡ್ಡ ಡಿಸ್ಟ್ರೋಗಳು ಮಾಡುವುದೂ ಅದನ್ನೇ. ಆದರೆ ಗೋದಾಮಿನ ಕೀಲಿಯನ್ನು ಗೋದಾಮಿನೊಳಗೇ ಇಟ್ಟು ಬೀಗ ಹಾಕಿದರೆ? ಲಿನಕ್ಸ್ ಅನ್ನು ಯುಎಸ್‌ಬಿ ಹಾರ್ಡ್‌ಡಿಸ್ಕಿನಲ್ಲೇ ಹಾಕಿಕೊಂಡವರಿಗೆ ಆಗುವುದು ಇದೇ. ಆ ಡಿಸ್ಕ್ ಓದಲು ಬೇಕಾದ ಮಾಡ್ಯೂಲ್ ಅದೇ ಡಿಸ್ಕಿನೊಳಗೆ ಇರುತ್ತದೆ. ಡಿಸ್ಕ್ ತೆರೆಯದೆ ಮಾಡ್ಯೂಲ್ ಸಿಗುವುದಿಲ್ಲ, ಮಾಡ್ಯೂಲ್ ಇಲ್ಲದೆ ಡಿಸ್ಕ್ ತೆರೆಯುವುದಿಲ್ಲ. ಇದಕ್ಕೆ ಎರಡು ದಾರಿ. ಆ ಡ್ರೈವರ್‌ಗಳಿಗೆ ‘ವೈ’ ಕೊಡುವುದು ಒಂದು. ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಸಣ್ಣ ಕಟ್ಟಿನೊಳಗೆ ಅವನ್ನು ಸೇರಿಸುವುದು ಇನ್ನೊಂದು. ಈ ಕಟ್ಟನ್ನು ಬೂಟ್ ಆಗುವಾಗಲೇ ಕರ್ನಲ್ ಜೊತೆ ಮೆಮೊರಿಗೆ ತರಲಾಗುತ್ತದೆ, ಅಸಲಿ ಡಿಸ್ಕ್ ತೆರೆಯುವ ಮೊದಲೇ ಕೈಗೆ ಸಿಗುತ್ತದೆ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದವರಿಗೂ ಇದೇ ಮಾತು. ಪಾಸ್‌ವರ್ಡ್ ಟೈಪ್ ಮಾಡುವ ಯುಎಸ್‌ಬಿ ಕೀಬೋರ್ಡಿನ ಡ್ರೈವರ್ ಕರ್ನಲ್‌ನೊಳಗೆ ಅಥವಾ ಆ ಕಟ್ಟಿನಲ್ಲಿ ಇರಲೇಬೇಕು.

ಗೋದಾಮಿನದೇ ಇನ್ನೊಂದು ತಾಪತ್ರಯ ಇದೆ. ಕೆಲವು ಡಿಸ್ಟ್ರೋಗಳಲ್ಲಿ, ಮುಖ್ಯವಾಗಿ ಆರ್ಚ್ ಲಿನಕ್ಸ್‌ನಲ್ಲಿ, ಕರ್ನಲ್ ಅಪ್‌ಡೇಟ್ ಆದಾಗ ಹಳೆಯ ಮಾಡ್ಯೂಲ್‌ಗಳು ಡಿಸ್ಕಿನಿಂದ ಹೋಗಿಬಿಡುತ್ತವೆ. ಓಡುತ್ತಿರುವುದು ಇನ್ನೂ ಹಳೆಯ ಕರ್ನಲ್. ಹೊಸ ಮಾಡ್ಯೂಲ್ ಅದಕ್ಕೆ ಹೊಂದುವುದಿಲ್ಲ. ಬೆಳಿಗ್ಗೆ ಓದುತ್ತಿದ್ದ ಪೆನ್‌ಡ್ರೈವ್ ಮಧ್ಯಾಹ್ನ ಓದದಂತಾಗುತ್ತದೆ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.

## ಪೋರ್ಟಿಗೆ ಹಾಕಿದಾಗ ನಡೆಯುವ ಮಾತುಕತೆ

ಯುಎಸ್‌ಬಿಯ ಮೊದಲ ಆವೃತ್ತಿ ಬಂದದ್ದು 1996ರ ಜನವರಿಯಲ್ಲಿ. ಅದಕ್ಕೂ ಮೊದಲು ಕೀಬೋರ್ಡಿಗೆ ಒಂದು ಪೋರ್ಟ್, ಪ್ರಿಂಟರಿಗೆ ಒಂದು, ಮೋಡೆಮ್ಮಿಗೆ ಇನ್ನೊಂದು ಇತ್ತು. ಎಲ್ಲವನ್ನೂ ಒಂದೇ ಪೋರ್ಟಿಗೆ ತರಬೇಕಾದರೆ ಹಾಕಿದ್ದು ಏನು ಎಂಬುದನ್ನು ಕಂಪ್ಯೂಟರ್ ಕೇಳಿ ತಿಳಿದುಕೊಳ್ಳಬೇಕು.

ಯುಎಸ್‌ಬಿಯಲ್ಲಿ ಮಾತು ಶುರುಮಾಡುವುದು ಕಂಪ್ಯೂಟರ್ ಮಾತ್ರ. ಮೌಸ್ ಅಲುಗಾಡಿಸಿದರೂ ಅದು ತಾನಾಗಿ ಏನೂ ಹೇಳುವುದಿಲ್ಲ. ‘ಏನಾದರೂ ಇದೆಯಾ?’ ಎಂದು ಕಂಪ್ಯೂಟರ್ ಸೆಕೆಂಡಿಗೆ ನೂರಾರು ಸಲ ಕೇಳುತ್ತಲೇ ಇರುತ್ತದೆ.

ಹೊಸ ಸಾಧನ ಹಾಕಿದಾಗ ತಂತಿಯಲ್ಲಿ ಆಗುವ ವೋಲ್ಟೇಜ್ ಬದಲಾವಣೆಯಿಂದ ಅದು ಬಂದದ್ದು ಗೊತ್ತಾಗುತ್ತದೆ. ಕಂಪ್ಯೂಟರ್ ಅದನ್ನು ರೀಸೆಟ್ ಮಾಡಿ 1ರಿಂದ 127ರ ಒಳಗಿನ ಒಂದು ವಿಳಾಸ ಕೊಡುತ್ತದೆ. ಆಮೇಲೆ ಅದರ ಗುರುತು ಕೇಳುತ್ತದೆ. ಸಾಧನ ತನ್ನ ಕಂಪನಿಯ ಸಂಖ್ಯೆ, ಮಾದರಿಯ ಸಂಖ್ಯೆ, ತಾನು ಯಾವ ವರ್ಗದ್ದು ಎಂಬುದನ್ನು ಹೇಳುತ್ತದೆ. ಸ್ಯಾನ್‌ಡಿಸ್ಕ್ ಕಂಪನಿಯ ಸಂಖ್ಯೆ 0781. ಕೀಬೋರ್ಡ್, ಮೌಸ್‌ಗಳ ವರ್ಗ 03, ಪ್ರಿಂಟರ್ 07, ಪೆನ್‌ಡ್ರೈವ್ 08. ಈ ಸಂಖ್ಯೆಗಳನ್ನು ಕರ್ನಲ್ ತನ್ನ ಪಟ್ಟಿಯ ಜೊತೆ ಹೋಲಿಸಿ ತಕ್ಕ ಡ್ರೈವರ್ ಹುಡುಕುತ್ತದೆ. ವರ್ಗದ ಸಂಖ್ಯೆ ಇರುವುದರಿಂದಲೇ ಯಾವ ಕಂಪನಿಯ ಪೆನ್‌ಡ್ರೈವ್ ಆದರೂ ಒಂದೇ ಡ್ರೈವರ್ ಸಾಕಾಗುತ್ತದೆ.

ಈ ಮಾತುಕತೆಯನ್ನು ನೀವೂ ನೋಡಬಹುದು. ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ‘ಎಲ್‌ಎಸ್‌ಯುಎಸ್‌ಬಿ’ ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಸಿಕ್ಕಿಸಿರುವ ಸಾಧನಗಳ ಪಟ್ಟಿ ಬರುತ್ತದೆ. ‘ಡಿಎಂಇಎಸ್‌ಜಿ’ ಎಂಬ ಆದೇಶ ಕರ್ನಲ್ ಬರೆದಿಟ್ಟ ಟಿಪ್ಪಣಿಗಳನ್ನು ತೋರಿಸುತ್ತದೆ. ಅದಕ್ಕೆ ಕೆಲವು ಕಡೆ ಅಡ್ಮಿನ್ ಅನುಮತಿ ಬೇಕು. ಪಟ್ಟಿಯಲ್ಲಿ ಸಾಧನ ಬಂದಿದ್ದರೆ ಪೋರ್ಟ್, ಕೇಬಲ್, ಕೆಳಗಿನ ಡ್ರೈವರ್ ಎಲ್ಲ ಸರಿ ಇವೆ ಎಂದರ್ಥ, ತೊಂದರೆ ಮೇಲಿನ ಕೊಂಡಿಗಳಲ್ಲಿ ಇದೆ. ಬರದೇ ಇದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಚಾರ್ಜಿಂಗ್‌ಗೆಂದೇ ಮಾಡಿದ ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿ ಹೋಗುವ ತಂತಿಗಳೇ ಇರುವುದಿಲ್ಲ.

## ಮೊದಲ ಕೊಂಡಿ: ಹೋಸ್ಟ್ ಕಂಟ್ರೋಲರ್

ಪೋರ್ಟಿನ ಹಿಂದೆ ಮದರ್‌ಬೋರ್ಡಿನಲ್ಲಿ ಒಂದು ಚಿಪ್ ಇರುತ್ತದೆ. ಅದೇ ಹೋಸ್ಟ್ ಕಂಟ್ರೋಲರ್. ಹಳೆಯ ಕಂಪ್ಯೂಟರಿನವರು ಹೆಚ್ಚು ಗಮನ ಕೊಡಬೇಕಾದದ್ದು ಇಲ್ಲಿಯೇ. ಯುಎಸ್‌ಬಿ 1ರ ಕಾಲದಲ್ಲಿ ಈ ಚಿಪ್‌ಗೆ ಎರಡು ವಿನ್ಯಾಸಗಳಿದ್ದವು. ಇಂಟೆಲ್ ಮಾಡಿದ್ದು ಯುಎಚ್‌ಸಿಐ. ಕಾಂಪ್ಯಾಕ್, ಮೈಕ್ರೋಸಾಫ್ಟ್, ನ್ಯಾಷನಲ್ ಸೆಮಿಕಂಡಕ್ಟರ್ ಸೇರಿ ಮಾಡಿದ್ದು ಒಎಚ್‌ಸಿಐ. 2000ದಲ್ಲಿ ಸೆಕೆಂಡಿಗೆ 480 ಮೆಗಾಬಿಟ್ ವೇಗದ ಯುಎಸ್‌ಬಿ 2.0 ಬಂದಾಗ ಇಎಚ್‌ಸಿಐ ಬಂತು. 2008ರ ನವೆಂಬರ್‌ನಲ್ಲಿ 5 ಗಿಗಾಬಿಟ್ ವೇಗದ ಯುಎಸ್‌ಬಿ 3.0 ಬಂತು. ಅದರದು ಎಕ್ಸ್‌ಎಚ್‌ಸಿಐ. ಲಿನಕ್ಸ್‌ಗೆ ಅದರ ಡ್ರೈವರ್ ಸೇರಿದ್ದು 2009ರ 2.6.31 ಆವೃತ್ತಿಯಲ್ಲಿ.

ಎಕ್ಸ್‌ಎಚ್‌ಸಿಐ ಎಲ್ಲ ವೇಗದ ಸಾಧನಗಳನ್ನೂ ನಿಭಾಯಿಸುತ್ತದೆ. ಇಎಚ್‌ಸಿಐಗೆ ಅದು ಬರುವುದಿಲ್ಲ. ಅದಕ್ಕೆ 480ರ ವೇಗ ಮಾತ್ರ ಗೊತ್ತು. ಆದರೆ ಮಾಮೂಲಿ ಕೀಬೋರ್ಡ್, ಮೌಸ್ ಓಡುವುದು 1.5 ಅಥವಾ 12 ಮೆಗಾಬಿಟ್‌ನಲ್ಲಿ. ಹಾಗಾಗಿ ಹಳೆಯ ಅನೇಕ ಮದರ್‌ಬೋರ್ಡ್‌ಗಳಲ್ಲಿ ಇಎಚ್‌ಸಿಐ ಜೊತೆಗೆ ಯುಎಚ್‌ಸಿಐ ಅಥವಾ ಒಎಚ್‌ಸಿಐ ಚಿಪ್ ಕೂಡ ಇರುತ್ತದೆ. ನಿಧಾನದ ಸಾಧನ ಹಾಕಿದರೆ ಇಎಚ್‌ಸಿಐ ಆ ಪೋರ್ಟನ್ನು ಜೊತೆಗಾರನಿಗೆ ಒಪ್ಪಿಸುತ್ತದೆ. ಕರ್ನಲ್ ತಯಾರಿಸುವಾಗ ‘1996ರ ಕಾಲದ್ದು ಯಾಕೆ ಬೇಕು’ ಎಂದು ಆ ಎರಡಕ್ಕೂ ‘ಎನ್’ ಕೊಟ್ಟರೆ ಪೆನ್‌ಡ್ರೈವ್ ಓಡುತ್ತದೆ, ಕೀಬೋರ್ಡ್ ಸಾಯುತ್ತದೆ. ಎರಡೂ ಅದೇ ಪೋರ್ಟಿನಲ್ಲಿ! ಈ ವಿಚಿತ್ರ ಕಂಡರೆ ಕಾರಣ ಬಹುತೇಕ ಇದೇ.

‘ಆದರೆ ಬೂಟ್ ಮೆನುವಿನಲ್ಲಿ ಕೀಬೋರ್ಡ್ ನಡೆಯುತ್ತಿತ್ತಲ್ಲ?’ ಅನ್ನುವವರಿದ್ದಾರೆ. ಹೌದು, ನಡೆಯುತ್ತದೆ. ಅಲ್ಲಿಯವರೆಗೆ ಕೀಬೋರ್ಡ್ ನೋಡಿಕೊಳ್ಳುತ್ತಿದ್ದದ್ದು ಮದರ್‌ಬೋರ್ಡಿನಲ್ಲೇ ಇರುವ ಬಯಾಸ್ ಎಂಬ ಪ್ರೋಗ್ರಾಂ. ಕರ್ನಲ್ ಶುರುವಾದ ಮೇಲೆ ಆ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ. ಅದರ ಬಳಿ ಡ್ರೈವರ್ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಕೀಬೋರ್ಡಿಗೆ ಹೋಸ್ಟ್ ಕಂಟ್ರೋಲರ್ ಒಂದೇ ಸಾಲದು. ಕೀಬೋರ್ಡ್, ಮೌಸ್‌ಗಳಂಥ ಸಾಧನಗಳಿಗಿರುವ ಎಚ್‌ಐಡಿ ಎಂಬ ವಿಭಾಗದ ಯುಎಸ್‌ಬಿ ಡ್ರೈವರ್ ಮತ್ತು ಜನರಿಕ್ ಡ್ರೈವರ್ ಕೂಡ ಬೇಕು. ನನ್ನ ಅಭಿಪ್ರಾಯ ಕೇಳಿದರೆ ಇವಕ್ಕೂ ಹೋಸ್ಟ್ ಕಂಟ್ರೋಲರ್‌ಗಳಿಗೂ ಕಣ್ಣುಮುಚ್ಚಿ ‘ವೈ’ ಕೊಡಿ. ‘ಎಂ’ ಕೊಟ್ಟು ಉಳಿಸುವ ಮೆಮೊರಿ ತೀರಾ ಕಡಿಮೆ. ಕೀಬೋರ್ಡ್ ಇಲ್ಲದ ಕಂಪ್ಯೂಟರನ್ನು ಸರಿಮಾಡುವುದು ಮಾತ್ರ ದೊಡ್ಡ ತಲೆನೋವು.

## ಪೆನ್‌ಡ್ರೈವ್: ಉದ್ದದ ಸರಪಳಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಕರ್ನಲ್ ತಯಾರಿಸುವಾಗ ಈ ಪ್ರಶ್ನೆಗಳು ಬೇರೆ ಬೇರೆ ಮೆನುಗಳಲ್ಲಿ ಬರುತ್ತವೆ. ಅದರ ಯುಎಸ್‌ಬಿ ಮೆನುವಿನಲ್ಲಿ ‘ಮಾಸ್ ಸ್ಟೋರೇಜ್’ ಎಂಬುದಕ್ಕೆ ‘ಎಂ’ ಕೊಟ್ಟಾಯಿತು, ಇನ್ನೇನು ಬೇಕು ಅನ್ನಿಸುತ್ತದೆ. ಬೇಕು.

ಪೆನ್‌ಡ್ರೈವ್‌ಗಳು ಯುಎಸ್‌ಬಿ ತಂತಿಯ ಮೇಲೆ ಮಾತಾಡುವುದು ಸ್ಕಸಿ ಎಂಬ ಹಳೆಯ ಡಿಸ್ಕ್ ಭಾಷೆಯಲ್ಲಿ. ಯುಎಸ್‌ಬಿ ಹುಟ್ಟುವ ಮೊದಲೇ ದೊಡ್ಡ ಕಂಪ್ಯೂಟರುಗಳ ಡಿಸ್ಕುಗಳಿಗೆ ಬಳಕೆಯಲ್ಲಿದ್ದ ಆದೇಶಗಳನ್ನೇ ಇಲ್ಲಿಗೂ ತೆಗೆದುಕೊಂಡರು. ಆದ್ದರಿಂದ ಕರ್ನಲ್‌ನಲ್ಲಿ ಸ್ಕಸಿ ಬೆಂಬಲ ಬೇಕು, ಅದರೊಳಗೆ ‘ಸ್ಕಸಿ ಡಿಸ್ಕ್’ ಎಂಬುದೂ ಬೇಕು. ಈ ಎರಡನೆಯದನ್ನು ಬಿಟ್ಟುಬಿಟ್ಟವರು ಎಷ್ಟು ಜನ ಅಂದರೆ, ಕರ್ನಲ್ ಬರೆಯುವವರು ಯುಎಸ್‌ಬಿ ಮೆನುವಿನಲ್ಲೇ ಇದರ ಬಗ್ಗೆ ಒಂದು ಎಚ್ಚರಿಕೆಯ ಸಾಲು ಹಾಕಿದ್ದಾರೆ. ಅದು ಇಲ್ಲದಿದ್ದರೆ ಪೆನ್‌ಡ್ರೈವ್ ಬಂತು ಎಂದು ಟಿಪ್ಪಣಿಯಲ್ಲಿ ಕಾಣುತ್ತದೆ, ಆದರೆ ಡಿಸ್ಕ್ ಆಗಿ ಎಲ್ಲೂ ಸಿಗುವುದಿಲ್ಲ.

ಡಿಸ್ಕ್ ಸಿಕ್ಕಿತು ಅನ್ನೋಣ. ಈಗ ಅದರೊಳಗೆ ಫೈಲುಗಳನ್ನು ಜೋಡಿಸಿರುವ ಪದ್ಧತಿ, ಅಂದರೆ ಫೈಲ್ ಸಿಸ್ಟಂ ಗೊತ್ತಿರಬೇಕು. ಸಣ್ಣ ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾಟ್32, ದೊಡ್ಡವುಗಳಲ್ಲಿ ಎಕ್ಸ್‌ಫ್ಯಾಟ್, ವಿಂಡೋಸ್‌ನಲ್ಲಿ ಫಾರ್ಮ್ಯಾಟ್ ಮಾಡಿದ ಹಾರ್ಡ್‌ಡಿಸ್ಕಿನಲ್ಲಿ ಎನ್‌ಟಿಎಫ್‌ಎಸ್. ಈಗಿನ ಎಕ್ಸ್‌ಫ್ಯಾಟ್ ಡ್ರೈವರ್ ಕರ್ನಲ್ ಸೇರಿದ್ದು 2020ರಲ್ಲಿ, 5.7ನೇ ಆವೃತ್ತಿಗೆ. ಓದಲು ಬರೆಯಲು ಎರಡಕ್ಕೂ ಒದಗುವ ಎನ್‌ಟಿಎಫ್‌ಎಸ್3 ಡ್ರೈವರ್ ಬಂದದ್ದು 2021ರ 5.15ರಲ್ಲಿ. ಇವು ಯುಎಸ್‌ಬಿ ಮೆನುವಿನಲ್ಲಿ ಇರುವುದಿಲ್ಲ. ಫೈಲ್ ಸಿಸ್ಟಂಗಳ ಮೆನುವಿನಲ್ಲಿ ಹುಡುಕಬೇಕು.

ಇನ್ನೂ ಒಂದು ಕೊಂಡಿ ಉಳಿದಿದೆ. ಫ್ಯಾಟ್‌ನಲ್ಲಿ ಫೈಲಿನ ಹೆಸರುಗಳನ್ನು ಬರೆಯಲು ಕೋಡ್‌ಪೇಜ್ 437 ಎಂಬ ಅಕ್ಷರ ಕೋಷ್ಟಕ ಬಳಕೆಯಲ್ಲಿದೆ. ಅದನ್ನು ‘ನೇಟಿವ್ ಲ್ಯಾಂಗ್ವೇಜ್ ಸಪೋರ್ಟ್’ ಎಂಬ ಉಪಮೆನುವಿನಲ್ಲಿ ಆರಿಸದಿದ್ದರೆ ಪೆನ್‌ಡ್ರೈವ್ ಕೊನೇ ಹೆಜ್ಜೆಯಲ್ಲಿ ಮುಗ್ಗರಿಸುತ್ತದೆ. ಮೌಂಟ್ ಆಗುವುದಿಲ್ಲ, ಅಂದರೆ ಒಳಗಿನ ಫೈಲುಗಳು ತೆರೆದುಕೊಳ್ಳುವುದಿಲ್ಲ. ‘ಡಿಎಂಇಎಸ್‌ಜಿ’ ತೆರೆದು ನೋಡಿದರೆ ಕೋಡ್‌ಪೇಜ್ ಸಿಗಲಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಕರ್ನಲ್ ಸಾಮಾನ್ಯವಾಗಿ ಕಾರಣ ಹೇಳಿಯೇ ಸೋಲುತ್ತದೆ. ನಾವು ಓದಬೇಕು ಅಷ್ಟೆ.

## ಕಾಟಾ, ಆರ್ಡುಯಿನೋ: ಸೀರಿಯಲ್ ಪರಿವರ್ತಕಗಳು

ಹಾವೇರಿ ಜಿಲ್ಲೆಯ ಬ್ಯಾಡಗಿಯಂಥ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಎಲೆಕ್ಟ್ರಾನಿಕ್ ಕಾಟಾದ ತೂಕವನ್ನು ನೇರವಾಗಿ ಕಂಪ್ಯೂಟರಿಗೆ ತರಬೇಕು ಅಂತಿಟ್ಟುಕೊಳ್ಳಿ. ಅನೇಕ ಕಾಟಾಗಳಲ್ಲಿ ಇವತ್ತಿಗೂ ಇರುವುದು ಹಳೆಯ ಸೀರಿಯಲ್ ಪೋರ್ಟ್. ಹೊಸ ಕಂಪ್ಯೂಟರುಗಳಲ್ಲಿ ಅದಿಲ್ಲ. ಮಧ್ಯೆ ಒಂದು ಯುಎಸ್‌ಬಿ ಪರಿವರ್ತಕ ಕೇಬಲ್ ಹಾಕುತ್ತಾರೆ. ಇದಕ್ಕೆ ಪೆನ್‌ಡ್ರೈವ್‌ನ ಹಾಗೆ ಒಂದೇ ಡ್ರೈವರ್ ಸಾಲುವುದಿಲ್ಲ. ಕೇಬಲ್ಲಿನೊಳಗಿನ ಚಿಪ್ ಯಾವ ಕಂಪನಿಯದೋ ಅದರದ್ದೇ ಡ್ರೈವರ್ ಬೇಕು. ಹೆಚ್ಚಾಗಿ ಸಿಗುವುದು ಎಫ್‌ಟಿಡಿಐ, ಪಿಎಲ್2303, ಸಿಎಚ್341 ಎಂಬ ಮೂರು. ಅಂಗಡಿಯಲ್ಲಿ ಕೇಬಲ್ಲಿನ ಡಬ್ಬಿ ನೋಡಿ ಇದು ಗೊತ್ತಾಗುವುದಿಲ್ಲ. ಪೋರ್ಟಿಗೆ ಹಾಕಿ ‘ಎಲ್‌ಎಸ್‌ಯುಎಸ್‌ಬಿ’ ಪಟ್ಟಿ ನೋಡಿ. 0403:6001 ಎಂದಿದ್ದರೆ ಎಫ್‌ಟಿಡಿಐ.

ಹುಬ್ಬಳ್ಳಿ ವಿದ್ಯಾನಗರದ ಬಿವಿಬಿಯಲ್ಲೋ ಧಾರವಾಡದ ಎಸ್‌ಡಿಎಂ ಕಾಲೇಜಿನಲ್ಲೋ ಎಂಜಿನಿಯರಿಂಗ್ ಓದುವವರಿಗೆ ಇದೇ ಸಮಸ್ಯೆ ಆರ್ಡುಯಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ರೂಪದಲ್ಲಿ ಎದುರಾಗುತ್ತದೆ. ಅಸಲಿ ಆರ್ಡುಯಿನೋ ಯುನೋ ಬಳಸುವುದು ಎಸಿಎಂ ಎಂಬ ವರ್ಗದ ಡ್ರೈವರ್. ಅಗ್ಗದ ನಕಲು ಬೋರ್ಡ್‌ಗಳಲ್ಲಿ ಹೆಚ್ಚಾಗಿ ಸಿಎಚ್340 ಚಿಪ್ ಇರುತ್ತದೆ, ಅದಕ್ಕೆ ಸಿಎಚ್341 ಡ್ರೈವರ್. ಗೆಳೆಯನ ಬೋರ್ಡ್ ನಡೆದು ನಿಮ್ಮದು ನಡೆಯದಿದ್ದರೆ ಈ ವ್ಯತ್ಯಾಸ ನೋಡಿ. ಉಬುಂಟು 22.04ರಲ್ಲಿ ಇನ್ನೊಂದು ಕಾರಣವೂ ಇದೆ. ಅಂಧರ ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಪ್ರೋಗ್ರಾಂ ಸಿಎಚ್340 ಚಿಪ್ ಕಂಡರೆ ಅದು ಬ್ರೈಲ್ ಸಾಧನ ಎಂದು ತಿಳಿದು ತಾನೇ ಹಿಡಿದುಕೊಳ್ಳುತ್ತದೆ. ಬೋರ್ಡ್ ಬಂದು ಮರುಕ್ಷಣ ಮಾಯ. ಬ್ರೈಲ್ ಸಾಧನ ಬಳಸುವವರು ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅದನ್ನು ತೆಗೆದುಹಾಕಬಹುದು. ಎಲ್ಲ ಸರಿಯಿದ್ದೂ ‘ಅನುಮತಿ ಇಲ್ಲ’ ಎಂದು ಬಂದರೆ, ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ನಿಮ್ಮ ಹೆಸರನ್ನು ‘ಡಯಲ್‌ಔಟ್’ ಎಂಬ ಗುಂಪಿಗೆ ಸೇರಿಸಿ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ.

## ಯುಎಸ್‌ಬಿ ಮೆನುವಿನಲ್ಲಿ ಸಿಗದವು

ವೆಬ್‌ಕ್ಯಾಮ್ ಡ್ರೈವರ್ ಮಲ್ಟಿಮೀಡಿಯಾ ಮೆನುವಿನಲ್ಲಿದೆ. ಯುಎಸ್‌ಬಿ ಹೆಡ್‌ಫೋನಿನದು ಸೌಂಡ್ ಮೆನುವಿನಲ್ಲಿದೆ. ಆಂಡ್ರಾಯ್ಡ್ ಫೋನಿನ ಇಂಟರ್‌ನೆಟ್ಟನ್ನು ಕೇಬಲ್ ಮೂಲಕ ಹಂಚಿಕೊಳ್ಳಲು ಬೇಕಾದ ಆರ್‌ಎನ್‌ಡಿಐಎಸ್ ನೆಟ್‌ವರ್ಕ್ ಮೆನುವಿನಲ್ಲಿದೆ. ಮೆನುವಿನಲ್ಲಿ ಓರೆಗೆರೆ ಕೀ ಒತ್ತಿದರೆ ಹುಡುಕುವ ಸೌಲಭ್ಯ ಬರುತ್ತದೆ. ಅದನ್ನೇ ಬಳಸಿ, ಒಂದೊಂದೇ ಮೆನು ಹೊಕ್ಕು ಸುಮ್ನೆ ಸಮಯ ಹಾಳು ಮಾಡಬೇಡಿ.

ಇನ್ನು ಕೆಲವಕ್ಕೆ ಕರ್ನಲ್‌ನಲ್ಲಿ ಪ್ರತ್ಯೇಕ ಡ್ರೈವರ್ ಬೇಕಾಗುವುದೇ ಇಲ್ಲ. ಕರ್ನಲ್ ದಾರಿ ಮಾತ್ರ ಬಿಟ್ಟುಕೊಡುತ್ತದೆ, ಸಾಧನದ ಜೊತೆ ಮಾತಾಡುವುದು ಹೊರಗಿನ ಪ್ರೋಗ್ರಾಂ. ಪ್ರಿಂಟರ್ ಅಂಥದ್ದು. ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ಈಗಿನ ಕಪ್ಸ್ ವ್ಯವಸ್ಥೆ ಕರ್ನಲ್‌ನ ಪ್ರಿಂಟರ್ ಡ್ರೈವರ್ ಇಲ್ಲದೆಯೂ ಯುಎಸ್‌ಬಿ ಪ್ರಿಂಟರ್ ನಡೆಸುತ್ತದೆ. ಸ್ಕ್ಯಾನರ್ ಕೂಡ ಹಾಗೆಯೇ. ಟೆಂಡರ್ ಹಾಕುವ ಗುತ್ತಿಗೆದಾರರು, ಲೆಕ್ಕಪತ್ರದವರು ಬಳಸುವ ಡಿಎಸ್‌ಸಿ ಟೋಕನ್‌ಗಳದ್ದೂ ಬಹುತೇಕ ಇದೇ ಕಥೆ. ಟೋಕನ್ ಪಟ್ಟಿಯಲ್ಲಿ ಕಂಡರೆ ಕರ್ನಲ್ ತನ್ನ ಕೆಲಸ ಮುಗಿಸಿದೆ. ಮುಂದೆ ಬೇಕಾದದ್ದು ಆ ಟೋಕನ್ ಕಂಪನಿಯ ಲಿನಕ್ಸ್ ಸಾಫ್ಟ್‌ವೇರ್. ಅದನ್ನು ಕಂಪನಿ ಕೊಡುತ್ತದೆಯೇ ಎಂದು ಲಿನಕ್ಸ್ ಹಾಕುವ ಮೊದಲೇ ವಿಚಾರಿಸಿಕೊಳ್ಳಿ. ಕರ್ನಲ್ ಬದಲಿಸಿ ಇದಕ್ಕೆ ಪರಿಹಾರ ಸಿಗುವುದಿಲ್ಲ.

## ಲ್ಯಾಬಿನಲ್ಲಿ ಪೆನ್‌ಡ್ರೈವ್ ಬಂದ್ ಮಾಡುವುದು

ಕಾಲೇಜಿನ ಲ್ಯಾಬ್, ಪರೀಕ್ಷಾ ಕೇಂದ್ರ, ಲೆಕ್ಕಪತ್ರದ ಕಚೇರಿಗಳಲ್ಲಿ ಬೇಕಾಗುವುದು ಇದರ ಉಲ್ಟಾ. ಮಾಸ್ ಸ್ಟೋರೇಜ್‌ಗೆ ‘ಎನ್’ ಕೊಟ್ಟು ಕರ್ನಲ್ ತಯಾರಿಸಬಹುದು, ಅಥವಾ ಆ ಮಾಡ್ಯೂಲ್ ಲೋಡ್ ಆಗದಂತೆ ಒಂದು ಸಾಲು ಬರೆದಿಡಬಹುದು. ಕೀಬೋರ್ಡ್, ಮೌಸ್ ನಡೆಯುತ್ತವೆ, ಪೆನ್‌ಡ್ರೈವ್ ನಡೆಯುವುದಿಲ್ಲ.

ಆದರೆ ಇಷ್ಟಕ್ಕೇ ಬಾಗಿಲು ಪೂರ್ತಿ ಮುಚ್ಚಿತು ಎಂದು ತಿಳಿಯಬೇಡಿ. ಆಂಡ್ರಾಯ್ಡ್ ಫೋನ್ ಫೈಲ್ ಕಳಿಸುವುದು ಎಂಟಿಪಿ ಎಂಬ ಬೇರೆ ದಾರಿಯಲ್ಲಿ. ಅದು ಹೊರಗಿನ ಪ್ರೋಗ್ರಾಂ ಮೂಲಕ ನಡೆಯುವುದರಿಂದ ಮಾಸ್ ಸ್ಟೋರೇಜ್ ತೆಗೆದರೂ ಫೋನ್ ಹಾಕಿ ಫೈಲ್ ಸಾಗಿಸಬಹುದು. ಪೆನ್‌ಡ್ರೈವ್‌ನಂತೆ ಕಾಣುವ ಸಾಧನ ‘ನಾನು ಕೀಬೋರ್ಡ್’ ಎಂದು ಹೇಳಿಕೊಂಡು ತಾನೇ ಆದೇಶ ಟೈಪ್ ಮಾಡಬಲ್ಲದು ಎಂಬುದನ್ನು 2014ರಲ್ಲಿ ಭದ್ರತಾ ಸಂಶೋಧಕರು ‘ಬ್ಯಾಡ್‌ಯುಎಸ್‌ಬಿ’ ಹೆಸರಿನಲ್ಲಿ ತೋರಿಸಿಕೊಟ್ಟಿದ್ದಾರೆ. ಸಾಧನ ಹೇಳಿದ ಗುರುತನ್ನು ಕರ್ನಲ್ ನಂಬುತ್ತದೆ. ಅದಕ್ಕೇ ಹೊಸ ಸಾಧನ ಯಾವುದೇ ಇರಲಿ, ಅನುಮತಿ ಕೊಡುವ ತನಕ ತಡೆದಿಡುವ ವ್ಯವಸ್ಥೆಯೂ ಕರ್ನಲ್‌ನಲ್ಲಿದೆ. ಯುಎಸ್‌ಬಿಗಾರ್ಡ್ ಎಂಬ ಪ್ರೋಗ್ರಾಂ ಅದನ್ನು ಸುಲಭ ಮಾಡುತ್ತದೆ. ಚಾಲೂ ಮಾಡುವ ಮೊದಲು ನಿಮ್ಮ ಸ್ವಂತ ಕೀಬೋರ್ಡಿಗೆ ಅನುಮತಿ ಕೊಟ್ಟಿದ್ದೀರಾ ನೋಡಿಕೊಳ್ಳಿ.

## ಸ್ವಂತ ಕರ್ನಲ್ ಮಾಡುವವರಿಗೆ

ಮನೆ, ಅಂಗಡಿಯ ಬಳಕೆಗೆ ಸ್ವಂತ ಕರ್ನಲ್ ಮಾಡಬೇಕಾದ ಅಗತ್ಯ ಇಲ್ಲವೆಂದೇ ಹೇಳಬೇಕು. ಡಿಸ್ಟ್ರೋ ಕೊಟ್ಟದ್ದರಲ್ಲಿ ಹೆಚ್ಚುಕಡಿಮೆ ಎಲ್ಲ ಯುಎಸ್‌ಬಿ ಡ್ರೈವರ್‌ಗಳೂ ಮಾಡ್ಯೂಲ್ ಆಗಿ ಇರುತ್ತವೆ. ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು, ಸಣ್ಣ ಬೋರ್ಡ್‌ಗಳಲ್ಲಿ ಕೆಲಸ ಮಾಡುವವರು, ಕಲಿಯಲೇಬೇಕು ಅನ್ನುವವರು ಇದಕ್ಕೆ ಕೈ ಹಾಕುತ್ತಾರೆ. ಖಾಲಿ ಪಟ್ಟಿಯಿಂದ ಶುರುಮಾಡಬೇಡಿ. ಬೂಟ್ ಫೋಲ್ಡರಿನಲ್ಲಿರುವ ಡಿಸ್ಟ್ರೋದ ಉತ್ತರಗಳ ಫೈಲನ್ನೇ ನಕಲು ಮಾಡಿಕೊಂಡು, ‘ಮೇಕ್ ಮೆನುಕಾನ್ಫಿಗ್’ ಆದೇಶದಿಂದ ಮೆನು ತೆರೆದು ಅಲ್ಲಿಂದ ಕಡಿಮೆ ಮಾಡುತ್ತಾ ಹೋಗಿ.

‘ಲೋಕಲ್‌ಮೋಡ್‌ಕಾನ್ಫಿಗ್’ ಎಂಬ ಒಂದು ಅಡ್ಡದಾರಿ ಇದೆ. ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದಕ್ಕೆಲ್ಲ ಅದು ‘ಎನ್’ ಕೊಡುತ್ತದೆ. ಕರ್ನಲ್ ಬೇಗ ತಯಾರಾಗುತ್ತದೆ. ಅಪಾಯ ಇರುವುದೂ ಅಲ್ಲೇ. ಆ ಹೊತ್ತಿಗೆ ಹಾಕಿರದ ಯುಎಸ್‌ಬಿ ಸಾಧನಗಳ ಡ್ರೈವರ್‌ಗಳು ಹೊರಗೆ ಹೋಗುತ್ತವೆ. ಬ್ಯಾಡಗಿಯ ದಲಾಲಿ ಅಂಗಡಿಯ ಕಂಪ್ಯೂಟರಿನಲ್ಲಿ ಆಗಸ್ಟ್‌ನಲ್ಲಿ ಇದನ್ನು ಮಾಡಿದರೆ, ಡಬ್ಬಿಯಲ್ಲಿಟ್ಟ ಕಾಟಾದ ಕೇಬಲ್ ನೆನಪಾಗುವುದು ಮೆಣಸಿನಕಾಯಿ ಸುಗ್ಗಿ ಶುರುವಾದಾಗಲೇ. ಆದ್ದರಿಂದ ಆ ಆದೇಶ ಕೊಡುವ ಮೊದಲು ಪೆನ್‌ಡ್ರೈವ್, ಸೀರಿಯಲ್ ಕೇಬಲ್, ವೆಬ್‌ಕ್ಯಾಮ್, ಫೋನಿನ ಇಂಟರ್‌ನೆಟ್ ಎಲ್ಲವನ್ನೂ ಒಂದು ಸಲ ಹಾಕಿ ಬಳಸಿ. ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ ತೆರೆಯಿರಿ, ಆಗಲೇ ಫೈಲ್ ಸಿಸ್ಟಂ ಮತ್ತು ಕೋಡ್‌ಪೇಜ್ ಮಾಡ್ಯೂಲ್‌ಗಳೂ ಲೋಡ್ ಆಗುತ್ತವೆ. ಹೊಸ ಕರ್ನಲ್ ಹಾಕಿದ ಮೇಲೆ ಹಳೆಯದನ್ನು ಬೂಟ್ ಮೆನುವಿನಿಂದ ತೆಗೆಯಬೇಡಿ. ನಿಮ್ಮ ಬಳಿ ಇರುವ ಒಂದೊಂದು ಸಾಧನವನ್ನೂ ಹೊಸದರಲ್ಲಿ ಹಾಕಿ ನೋಡಿದ ಮೇಲೆಯೇ ಆ ವಿಚಾರ.